ಯಮನವ್ವ ಕಿತ್ತ ಹುಲ್ಲು

ಘೋಡಗೇರಿಯ ಯಮನವ್ವನಿಗೆ ಹುಲ್ಲು ಕಂಡರೆ ಆಗುತ್ತಿರಲಿಲ್ಲ. ಹಾವಿಗೆ ಹೆದರಿದವಳಲ್ಲ, ಗೌಡರೆದುರು ಸೆರಗು ಸರಿಮಾಡಿಕೊಂಡು ಎರಡು ಮಾತು ಹೆಚ್ಚೇ ಆಡುವವಳು. ಆದರೆ ಜೋಳದ ಸಾಲಿನ ನಡುವೆ ಕರಿಕೆಯ ಒಂದೆಸಳು ತಲೆ ಎತ್ತಿದ್ದು ಕಣ್ಣಿಗೆ ಬಿತ್ತೆಂದರೆ ಅಂದಿನ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರೆಮಣ್ಣಿನ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ರೈತನ ಮಾನ ತಲೆಯ ರುಮಾಲಿನಲ್ಲಿಲ್ಲ, ಹೊಲದಲ್ಲಿದೆ. ಕರಿಕೆ ಹಬ್ಬಿದ ಹೊಲದವನ ಮನೆಗೆ ಹೆಣ್ಣು ಕೊಡುವ ಮೊದಲು ಬೀಗರು ಎರಡು ಸಲ ಯೋಚಿಸುತ್ತಿದ್ದ ಕಾಲ ಅದು.

ಅವಳು ಹುಟ್ಟಿದ್ದು ನಾಗನೂರಿನಲ್ಲಿ. ಹನ್ನೊಂದಕ್ಕೆ ಮದುವೆಯಾಗಿ ಘೋಡಗೇರಿಗೆ ಹೋದಳು, ಮೂವತ್ತು ತುಂಬುವುದರೊಳಗೆ ಗಂಡನನ್ನು ಮಣ್ಣು ಮಾಡಿದಳು. ಮಕ್ಕಳಿರಲಿಲ್ಲ. ಉಳಿದದ್ದು ನಾಲ್ಕೆಕರೆ ಹೊಲ ಮತ್ತು ಕಳೆ ತೆಗೆಯುವ ಒಂದು ಕುರ್ಪಿ. ಆ ಕುರ್ಪಿಯ ಹಿಡಿ ಅವಳ ಅಂಗೈಗೆ ತಕ್ಕಂತೆ ಸವೆದು ಬೇರೆ ಯಾರ ಕೈಗೂ ಒಗ್ಗದಂತಾಗಿತ್ತು. "ಯಮನವ್ವ ಹಾದ ಹೊಲದಾಗ ಕೋಳಿ ಕೆದರಿದ್ರೂ ಕಸಾ ಸಿಗೂದಿಲ್ಲ" ಎಂಬುದು ಸುತ್ತಿನ ಹಳ್ಳಿಗಳ ಮಾತು. ಕಲ್ಲೋಳಿಯ ಒಂದು ಮದುವೆಯಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕುಳಿತು ಗೋಧಿ ಹುಗ್ಗಿ ಹೊಡೆಯುತ್ತಿದ್ದರೆ ಈ ಪುಣ್ಯಾತ್ಗಿತ್ತಿ ಹಂದರದ ಕಂಬದ ಬುಡದಲ್ಲಿ ಹುಲ್ಲು ಕೀಳುತ್ತ ಕುಳಿತಿದ್ದಳಂತೆ. ನಕ್ಕವರಿಗೆ, "ನಗ್ರಿ ನಗ್ರಿ, ಕಸದ ನಡುವ ಕೂತು ಉಣ್ಣಾಕ ನಿಮಗ ಹ್ಯಾಂಗ ಮನಸ್ಸು ಬರ್ತೈತಿ?" ಎಂದಳಂತೆ. ಬಾಳಿನಲ್ಲಿ ಅವಳಿಗಿದ್ದ ಹೆಮ್ಮೆ ಅದೊಂದೇ. ಅದೇ ಅವಳಿಗೆ ಮುಳುವಾಯಿತು ಎಂದರೆ ಯಾರು ನಂಬಬೇಕು!

ನಾಗನೂರಿನಲ್ಲಿ ಅವಳ ತಮ್ಮ ರಾಚಪ್ಪನಿದ್ದ. ಮಾತು ಕಡಿಮೆ, ದುಡಿಮೆ ಹೆಚ್ಚು. ಅವನ ಎತ್ತುಗಳೆರಡು ದಿನವಿಡೀ ಬಾವಿಯಿಂದ ನೀರು ಜಗ್ಗಿ ಜಗ್ಗಿ, ಜೋಳದ ಒಣ ಕಣಿಕೆ ತಿಂದು ತಿಂದು, ಪಕ್ಕೆಲುಬು ಎಣಿಸುವ ಹಾಗಾಗಿದ್ದವು. ಮೂವತ್ತಾರನೆಯ ಇಸವಿಯ ಆಚೀಚೆ ಇರಬೇಕು, ಗೋಕಾಕದಿಂದ ಒಕ್ಕಲುತನ ಖಾತೆಯ ರಾವಸಾಹೇಬ ಸೈಕಲ್ಲು ತುಳಿದುಕೊಂಡು ಬಂದವನು ಆ ಎತ್ತುಗಳನ್ನು ನೋಡಿ ಮರುಗಿದ. ಮುಂದಿನ ಸಲ ಬರುವಾಗ ಎರಡು ಚೀಲ ತಂದ. ಒಂದರಲ್ಲಿ ಜೊಳ್ಳಿನಷ್ಟು ಹಗುರಾದ ಹುಲ್ಲಿನ ಬೀಜ, ಇನ್ನೊಂದರಲ್ಲಿ ಸಾಸಿವೆಯಂಥ ಹಳದಿ ಕಾಳು. ಆ ಕಾಳಿನ ಹೆಸರು ಬರಸೀಮ. ಮೆಂತೆಯ ಹಾಗೆ ಮೂರೆಲೆ ಬಿಟ್ಟು ಮೆತ್ತಗೆ ಬೆಳೆಯುವ ಮೇವು. ಎರಡನ್ನೂ ಒಂದೇ ಮಡಿಯಲ್ಲಿ ಬೆರೆಸಿ ಬಿತ್ತಬೇಕು ಎಂದ.

ರಾಚಪ್ಪ ಬೆಚ್ಚಿದ. "ಹುಲ್ಲು ಬಿತ್ತೂದೇನ್ರಿ? ಹೊಲದಾಗ?"

"ನೋಡ್ರಿ ರಾಚಪ್ಪ, ಬರಸೀಮ ಅಂದ್ರ ಹೋಳಿಗಿಯೊಳಗಿನ ಹೂರಣ, ಹುಲ್ಲು ಅಂದ್ರ ಮ್ಯಾಲಿನ ಕಣಕ. ಬರೇ ಕಣಕ ತಿಂದ್ರ ಮೈಯಾಗ ಶಕ್ತಿ ಬರೂದಿಲ್ಲ, ಬರೇ ಹೂರಣ ತಿಂದ್ರ ಹೊಟ್ಟಿ ಕೆಡತೈತಿ. ಎರಡೂ ಕೂಡೇ ಬೆಳೀಬೇಕು, ಕೂಡೇ ಕೊಯ್ದು ಹಾಕಬೇಕು. ಮಂಜು ಬಿದ್ದ ಬರಸೀಮ ಒಂದನ್ನ ದನಕ್ಕ ಮೇಯಾಕ ಬಿಟ್ರಂದ್ರ ಹೊಟ್ಟಿ ಉಬ್ಬಿ ಒಂದೆರಡು ತಾಸಿನಾಗ ಸಾಯ್ತೈತಿ. ಇದನ್ನ ಮಾತ್ರ ಮರೀಬ್ಯಾಡ್ರಿ."

ರಾಚಪ್ಪ ಶೀಗಿ ಹುಣ್ಣಿಮೆ ಕಳೆದ ಮೇಲೆ ಬಾವಿ ಕೆಳಗಿನ ಹತ್ತು ಗುಂಟೆಯಲ್ಲಿ ಎರಡನ್ನೂ ಬಿತ್ತಿದ. ದಾರಿಯಲ್ಲಿ ಹೋಗುವವರು ಕೇಳಿದರೆ "ಮೇವು ಹಾಕೇನಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ಹುಲ್ಲು ಬಿತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಿಯಾನು?

ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಅವನ ಹೆಂಡತಿ ಚನ್ನವ್ವ ಹೆರಿಗೆಗೆಂದು ತವರಿಗೆ ಹೋದಳು. ತಮ್ಮನಿಗೆ ಕೂಳು ಬೇಯಿಸಲೆಂದು ಯಮನವ್ವ ಘೋಡಗೇರಿಯಿಂದ ಬಂದಿಳಿದಳು. ಅವಳು ಬಂದ ಹೊತ್ತಿಗೇ ರಾಚಪ್ಪ ಗಾಡಿ ತುಂಬ ಬೆಲ್ಲ ಹೇರಿಕೊಂಡು ಗೋಕಾಕಕ್ಕೆ ಹೊರಟು ನಿಂತಿದ್ದ. "ಯಕ್ಕಾ, ನಾ ಆಯಿತವಾರ ಬರ್ತೇನಿ. ನೀ ಏನೂ ಮಾಡಾಕ ಹೋಗಬ್ಯಾಡ, ಆರಾಮ ಕುಂದ್ರು" ಎಂದು ಹೇಳಿ ಎತ್ತಿನ ಹಗ್ಗ ಜಗ್ಗಿದ.

ಮನೆಗೆ ಬಂದವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಅದು. ಹಾಗೆಂದವರೂ ಅದನ್ನು ಖರೆ ಎಂದುಕೊಳ್ಳುವುದಿಲ್ಲ, ಕೇಳಿದವರೂ ಖರೆ ಎಂದುಕೊಳ್ಳುವುದಿಲ್ಲ. ತಮ್ಮ ಆ ಒಂದು ಸಲ ಅದನ್ನು ಖರೆಯೇ ಹೇಳಿದ್ದ ಎಂದು ಯಮನವ್ವನಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಬಾವಿಗೆ ನೀರಿಗೆ ಹೋದವಳು ಆ ಹತ್ತು ಗುಂಟೆಯನ್ನು ಕಂಡು ಕೊಡ ಇಳಿಸಿ ಅಲ್ಲೇ ನಿಂತುಬಿಟ್ಟಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮೆಂತೆಯಂಥ ಚೆಂದದ ಬೆಳೆ, ಅದರ ತುಂಬ ಗೇಣುದ್ದದ ಹುಲ್ಲು! ಒಂದೆಸಳಲ್ಲ, ಎರಡಲ್ಲ, ಬೆಳೆಯೆಷ್ಟೋ ಹುಲ್ಲೂ ಅಷ್ಟೇ. ಅಪ್ಪನ ಕೈಯಲ್ಲಿ ಕನ್ನಡಿಯ ಹಾಗಿದ್ದ ಹೊಲ ಇದು! ಹೆಂಡತಿ ಬಸುರಿ, ಕೈಗೆ ಆಳಿಲ್ಲ, ಪಾಪದ ಹುಡುಗ ಒಬ್ಬನೇ ಎಷ್ಟೆಂದು ಮಾಡಿಯಾನು ಎಂದು ಮರುಗಿದಳು. ಊರ ಮಂದಿ ದಿನಾ ಇದೇ ದಾರಿಯಲ್ಲಿ ಹಾಯುತ್ತಾರೆ, ಹಿಂದೆ ಏನೇನು ಆಡಿಕೊಂಡು ನಕ್ಕಿರಬೇಕು ಎಂದು ನೆನೆದು ಅವಳ ಕಣ್ಣಲ್ಲಿ ನೀರೇ ಬಂತು.

ಅಂದೇ ಐದು ಮನೆಗೆ ಹೋಗಿ ಐವರು ಹೆಂಗಸರನ್ನು ಮುಯ್ಯಿಗೆ ಕರೆದಳು. ಇಂದು ನೀವು ನಮ್ಮ ಹೊಲಕ್ಕೆ, ನಾಳೆ ನಾನು ನಿಮ್ಮ ಹೊಲಕ್ಕೆ ಎಂಬ ಕರಾರು. ಯಮನವ್ವನ ಕೈ ತಮ್ಮ ಹೊಲಕ್ಕೆ ಬರುತ್ತದೆಂದರೆ ಬೇಡ ಎನ್ನುವವರು ಯಾರು? ಶುಕ್ರವಾರ, ಶನಿವಾರ ಎರಡು ದಿನ ಆರು ಮಂದಿ ಬಗ್ಗಿದ ನಡ ಎತ್ತದೆ ಕಿತ್ತರು. ನಡುವೆ ಕೆಂಚವ್ವ ಎಂಬವಳು, "ಯಕ್ಕಾ, ಇದು ಎಲ್ಲಾ ಕಡೆ ಒಂದ ಸಮ ಹುಟ್ಟೇತಿ ನೋಡು. ರಾಚಪ್ಪಗ ಒಂದ ಮಾತು ಕೇಳಿ ಕೀಳೂಣೇನು?" ಎಂದಳು.

"ಹುಲ್ಲು ಕೀಳಾಕ ಯಾರ ಅಪ್ಪಣಿ ಬೇಕ ಬೇ?" ಎಂದು ಯಮನವ್ವ ನಕ್ಕಳು. ಎಲ್ಲರೂ ನಕ್ಕರು. ಕೆಂಚವ್ವನೂ ನಕ್ಕು ಮತ್ತೆ ಬಗ್ಗಿದಳು.

ಶನಿವಾರ ಸಂಜೆ ಹುಲ್ಲಿನ ರಾಶಿ ಬದುವಿನ ಮೇಲೆ ಎದೆಯೆತ್ತರ ಬಿದ್ದಿತ್ತು. ಹೊಲದಲ್ಲಿ ಬರಸೀಮ ಬಿಟ್ಟರೆ ಹುಡುಕಿದರೂ ಮತ್ತೊಂದಿಲ್ಲ. ಭಾನುವಾರ ಹೊತ್ತು ಮುಳುಗುವಾಗ ದಣಿದು ಬಂದ ತಮ್ಮನಿಗೆ ಅವಳು ಏನೂ ಹೇಳಲಿಲ್ಲ. ನಾಳೆ ಅವನ ಕಣ್ಣಿಗೇ ಬೀಳಲಿ, ಹಿಗ್ಗಲಿ ಎಂದು ಒಳಗೊಳಗೇ ಬೀಗುತ್ತ ರೊಟ್ಟಿ ಬಡಿದಳು.

ಮರುದಿನ ಸೋಮವಾರ, ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗವಿಲ್ಲ. ಊರ ಗುಡಿಯ ಬಸವಣ್ಣನ ಹೆಸರಲ್ಲಿ ಬಿಟ್ಟ ಹೋರಿಯೊಂದು ನಾಗನೂರಿನಲ್ಲಿತ್ತು. ಬೆಳ್ಳನೆಯ ಮೈ, ಆಳೆತ್ತರದ ಹೆಗಲು. ಅದನ್ನು ಹೋರಿ ಎಂದು ಯಾರೂ ಕರೆಯುತ್ತಿರಲಿಲ್ಲ, ಬಸವಣ್ಣ ಎಂದೇ ಕರೆಯುತ್ತಿದ್ದರು. ಅವನು ಯಾರ ಹೊಲಕ್ಕೆ ಹೊಕ್ಕರೂ ಹೊಡೆಯುವಂತಿಲ್ಲ, ಹೊರಗೆ ಅಟ್ಟುವಂತಿಲ್ಲ. ತನ್ನ ಹೊಲಕ್ಕೆ ಬಸವಣ್ಣ ಬಂದನೆಂದರೆ ರೈತ ಕೈಮುಗಿದು ದೂರ ನಿಲ್ಲುತ್ತಿದ್ದ. ಅಜ್ಜ ಮುತ್ತಜ್ಜರಿಂದ ನಡೆದು ಬಂದದ್ದು.

ಬೆಳಿಗ್ಗೆ ಮಂಜು ಇನ್ನೂ ಆರಿರಲಿಲ್ಲ. ಅಕ್ಕ ಮುಂದೆ, ತಮ್ಮ ಹಿಂದೆ, ಹೊಲಕ್ಕೆ ಬಂದರು. "ನೋಡೋ ತಮ್ಮಾ!" ಎಂದು ಯಮನವ್ವ ಕೈ ಚಾಚಿದಳು.

ರಾಚಪ್ಪ ನೋಡಿದ. ಹುಲ್ಲಿಲ್ಲದ ಹೊಲ, ಅದರ ನಟ್ಟನಡುವೆ ಬಸವಣ್ಣ. ಬಂದು ಬಹಳ ಹೊತ್ತಾಗಿರಬೇಕು, ಒಂದು ಗುಂಟೆಯಷ್ಟು ಬೋಳು ಮಾಡಿ ಇನ್ನೂ ಬಾಯಾಡಿಸುತ್ತಿದ್ದ. ರಾಚಪ್ಪನ ಮುಖ ಬೂದಿಯಾಯಿತು. ಕೇಳಿದ್ದು ಇಷ್ಟೇ: "ಯಕ್ಕಾ... ಹುಲ್ಲು ಎಲ್ಲಿ?"

"ಕಿತ್ತೇನಿ."

"ಅದನ್ನ ಬಿತ್ತಿದಾಂವ ನಾನು."

ಯಮನವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಹುಲ್ಲನ್ನು ಯಾರಾದರೂ ಬಿತ್ತುತ್ತಾರೆಯೇ? ಹೂರಣ, ಕಣಕ, ಮಂಜು, ಉಬ್ಬರ ಎಂದು ತಮ್ಮ ತೊದಲುತ್ತ ಹೇಳುತ್ತಿದ್ದ ಹಾಗೆ ಅವಳ ಕಣ್ಣು ತಾನಾಗಿಯೇ ಹೋರಿಯತ್ತ ತಿರುಗಿತು. ಬಸವಣ್ಣ ಮೇಯುವುದನ್ನು ನಿಲ್ಲಿಸಿದ್ದ. ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದ್ದುಕೊಂಡ. ಎಡಗಡೆಯ ಹೊಟ್ಟೆ ಅವಳ ಕಣ್ಣೆದುರೇ ಏರುತ್ತ ಏರುತ್ತ ಬೆನ್ನಿನ ಸಮಕ್ಕೆ ಬಂತು. ಅವಳು ಬದುವಿನ ಮೇಲೆ ಕುಳಿತುಬಿಟ್ಟಳು. ಮೂವತ್ತು ವರ್ಷ ಹೊಗಳಿಸಿಕೊಂಡ ಕೈಗಳವು! ಎರಡನ್ನೂ ಎತ್ತಿ ಹಿಡಿದು ನೋಡಿಕೊಂಡಳು, ಬೇರೆ ಯಾರದೋ ಅನಿಸಿದವು.

ಸುದ್ದಿ ಹೊತ್ತಿಕೊಂಡಿತು. ಅರ್ಧ ತಾಸಿನಲ್ಲಿ ಊರೇ ಹೊಲದಲ್ಲಿ ನೆರೆಯಿತು. ಮುಂದೆ ಗೌಡ ಶಿದ್ಲಿಂಗಪ್ಪ, ಗುಡಿಯ ಹಿರಿತನವೂ ಅವನದೇ. ಬಿದಿರ ಗೊಟ್ಟದಲ್ಲಿ ಎಣ್ಣೆ, ಅಜಿವಾನ, ಇಂಗು ಕಲಸಿ ಬಸವಣ್ಣನ ಬಾಯಿಗೆ ಹೊಯ್ದರು. ಅರ್ಧಕ್ಕರ್ಧ ಹೊರಗೆ ಚೆಲ್ಲಿತು. ಎಷ್ಟು ತಿಕ್ಕಿದರೂ ಹೊಟ್ಟೆ ಇಳಿಯಲಿಲ್ಲ. ಮೊಣಕಾಲೂರಿ ಬಸವಣ್ಣ ಕೆಳಗೆ ಕುಳಿತ, ನಾಲಿಗೆ ಹೊರಗೆ ಬಿತ್ತು. ಹೆಂಗಸರು ಗೊಳೋ ಎಂದು ಅತ್ತರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಮಂದಿಗೆ ಎಲ್ಲಿಯಾದರೂ ಕೊರತೆಯುಂಟೇ? "ರಾಚ್ಯಾ ವಿಷಾ ಬಿತ್ಯಾನ. ಪರದೇಶಿ ಬೀಜಾ ತಂದು ದೇವರನ್ನ ಕೊಂದಾನ" ಎಂದು ಯಾರೋ ಕೂಗಿದರು. ಶಿದ್ಲಿಂಗಪ್ಪ ಗಂಟಲು ಸರಿಮಾಡಿಕೊಂಡು, "ಬಸವಣ್ಣಗ ಹೆಚ್ಚುಕಡಿಮಿ ಆದ್ರ ಈ ಬೆಳಿ ಇವತ್ತ ರಂಟಿ ಹೊಡದು ಮಣ್ಣಾಗ ಹಾಕ್ರಿ. ಈ ಮನಿಗೆ ಊರಾಗ ಬೆಂಕಿ ಇಲ್ಲ, ನೀರಿಲ್ಲ" ಎಂದ. ರಾಚಪ್ಪ ತಲೆ ತಗ್ಗಿಸಿದ. ಅಕ್ಕ ಕಿತ್ತಳು ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಮುಯ್ಯಿಗೆ ಬಂದ ಐವರೂ ಅಲ್ಲೇ ಇದ್ದರು, ಐವರೂ ನೆಲ ನೋಡುತ್ತಿದ್ದರು. ಹೆಂಡತಿ ಹೆರಿಗೆ ಮುಗಿಸಿ ಕೂಸಿನೊಂದಿಗೆ ಬರುವಷ್ಟರಲ್ಲಿ ತಮ್ಮನ ಮನೆಗೆ ಬಾವಿಯ ನೀರೂ ಇರುವುದಿಲ್ಲವೇ ಎಂದು ಯಮನವ್ವ ನೆನೆದಳು.

ಆಗ ಕುರಿಗಾರ ಮಾಲಿಂಗಪ್ಪ ಗುಂಪು ಸರಿಸಿ ಒಳಗೆ ಬಂದ. ಮೂಡಲಗಿಯ ಕಡೆ ಮೇಯಿಸಲು ಹೋಗಿದ್ದ ಕುರಿಗಳನ್ನು ಹೊಡೆದುಕೊಂಡು ಅಂದೇ ಊರಿಗೆ ಮರಳುತ್ತಿದ್ದ. ಬಗ್ಗಿ ಹೊಟ್ಟೆಯ ಮೇಲೆ ಬೆರಳಿಂದ ಬಡಿದ, ಡೊಳ್ಳಿನ ಸದ್ದು ಬಂತು.

"ಗಾಳಿ ತುಂಬೇತ್ರಿ ಗೌಡ್ರ. ಹಸಿ ಮೇವು ತಿಂದ ಕುರಿಗೆ ನಾವು ಎಡಗಡೆ ಚೂರಿ ಚುಚ್ಚಿ ಗಾಳಿ ಬಿಡತೇವ್ರಿ. ಹತ್ತರಾಗ ಏಳು ಉಳೀತಾವು. ಇಲ್ಲಾಂದ್ರ ಇನ್ನ ಬಾಳ ಹೊತ್ತಿಲ್ರಿ."

ಚೂರಿ! ಬಸವಣ್ಣನ ಮೈಗೆ ಚೂರಿ! "ಏನಂದಿ?" ಎಂದು ಶಿದ್ಲಿಂಗಪ್ಪ ಗುಡುಗಿದ. "ದೇವರ ಮೈಮ್ಯಾಲೆ ಕಬ್ಬಿಣ ಇಟ್ಟಾಂವನ್ನ ಊರು ಉಳಸ್ತೈತೇನಲೇ?" ಮಾಲಿಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. "ನನ್ನ ಕೈಯಿಂದ ಆಗೂದಿಲ್ರಿ ಯಪ್ಪಾ. ಸತ್ರ ಕುರುಬರಾಂವ ಕೊಂದ ಅಂತೀರಿ. ನಿಮ್ಮಾವ್ರು ಯಾರರ ಬರ್ರಿ, ಜಾಗಾ ತೋರಸ್ತೇನಿ."

ಅಷ್ಟು ಜನರಲ್ಲಿ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಬಸವಣ್ಣನ ಕಣ್ಣುಗುಡ್ಡೆ ಮೇಲಾಗುತ್ತಿತ್ತು.

"ತಾ ಇಲ್ಲೆ ಚೂರಿ" ಎಂಬ ಮಾತು ಕೇಳಿ ಎಲ್ಲರೂ ತಿರುಗಿದರು. ಯಮನವ್ವ ಎದ್ದು ನಿಂತಿದ್ದಳು. "ಕಾಕಾ, ನನ್ನ ತಮ್ಮ ಹುಲ್ಲು ಕೂಡಿಸೇ ಬಿತ್ತಿದ್ದ. ದನದ ಹೊಟ್ಟಿ ಉಬ್ಬಬಾರ್ದಂತ ಬಿತ್ತಿದ್ದ. ಕಿತ್ತಾಕಿ ನಾನು. ಅಂವನ್ನ ಕೇಳದ, ಅಂವ ಬ್ಯಾಡಂದ್ರೂ ಕಿತ್ತಾಕಿ ನಾನು. ಬೆಂಕಿ ನೀರು ಬಂದ್ ಮಾಡೂದಿದ್ರ ನನಗ ಮಾಡ್ರಿ. ಹ್ಯಾಂಗೂ ಬಸವಣ್ಣನ ಕೊಂದ ಪಾಪ ನನ್ನ ಕೈಯಾಗ ಐತಿ. ಉಳಿಸಿ ನೋಡಾಕರ ಬಿಡ್ರಿ." ಊರಿನ ಮಗಳು ಅತ್ತು ಕರೆದು ಹೇಳಿದ್ದರೆ ಶಿದ್ಲಿಂಗಪ್ಪ ಗದರಿಬಿಡುತ್ತಿದ್ದ. ಅವಳು ಅಳಲಿಲ್ಲ. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಒಲೆ ಊದುವ ಕೊಳವೆಯನ್ನು ಮನೆಯಿಂದ ತರಿಸಿದಳು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಮಾಲಿಂಗಪ್ಪ ಬೆರಳಿಟ್ಟು ತೋರಿಸಿದ. "ಇಲ್ಲೇರಿ ಅಕ್ಕಾರ. ಕೆಳಗ, ಮುಂಗಾಲಿನ ಕಡಿಗೆ ಮುಖಾ ಮಾಡಿ. ಅಂಜಿ ಅರ್ಧಾ ಚುಚ್ಚಬ್ಯಾಡ್ರಿ." ಯಮನವ್ವ ತನ್ನ ಹಣೆಯ ವಿಭೂತಿ ಒರೆಸಿ ತೆಗೆದು ಆ ಜಾಗಕ್ಕೆ ಒಂದು ಬೊಟ್ಟಿಟ್ಟಳು. ಕಣ್ಣು ಮುಚ್ಚಲಿಲ್ಲ. ಚೂರಿ ಇಳಿಸಿದಳು.

ನೆರೆದವರಲ್ಲಿ ಒಬ್ಬಳು ಕಿಟಾರನೆ ಕಿರುಚಿದಳು. ಚೂರಿಯ ಹಿಂದೆಯೇ ಕೊಳವೆ ತೂರಿಸಿದ್ದೇ ತಡ, ಭುಸ್ಸೆಂದು ಹೊಲಸು ಗಾಳಿ, ನೊರೆ, ಹಸಿರು ರಾಡಿ ಅವಳ ಮುಖಕ್ಕೇ ಹೊಡೆಯಿತು. ಅವಳು ಕದಲಲಿಲ್ಲ. ದಿನಾ ಗಾಳಿ ಊದಿ ಒಲೆ ಹೊತ್ತಿಸುತ್ತಿದ್ದ ಕೊಳವೆ ಅಂದು ಗಾಳಿ ಹೊರಗೆ ಬಿಡುತ್ತ ಬಿಡುತ್ತ ಸೀಟಿ ಹೊಡೆಯಿತು. ಮಾಲಿಂಗಪ್ಪ ಅದರೊಳಗೇ ಎಣ್ಣೆ ಹೊಯ್ದ. ಹೊಟ್ಟೆ ಇಳಿಯಿತು, ಮತ್ತಷ್ಟು ಇಳಿಯಿತು. ಒಂದು ತಾಸು ಅವಳು ಆ ಕೊಳವೆ ಹಿಡಿದು ಕುಳಿತಳು, ನೊರೆ ಕಟ್ಟಿದಾಗಲೆಲ್ಲ ಕಡ್ಡಿಯಿಂದ ಬಿಡಿಸಿದಳು. ಆಮೇಲೆ ಬಸವಣ್ಣ ಒಮ್ಮೆ ಮೈ ಕೊಡವಿ, ಹಿಂಗಾಲು ಊರಿ, ಎದ್ದು ನಿಂತ.

ಯಾರೂ ಜಯಕಾರ ಹಾಕಲಿಲ್ಲ. ಸತ್ತೇ ಹೋದನೆಂದುಕೊಂಡಿದ್ದ ದೇವರು ಎದ್ದುನಿಂತದ್ದೊಂದು, ಅವನ ಮಗ್ಗುಲಿಂದ ನೆತ್ತರು ಸೋರುತ್ತಿದ್ದದ್ದೊಂದು. ಯಾವುದಕ್ಕೆ ಬೆರಗಾಗಬೇಕು, ಯಾವುದಕ್ಕೆ ಅಳಬೇಕು ಎಂದು ಜನಕ್ಕೆ ತಿಳಿಯಲಿಲ್ಲ. ಶಿದ್ಲಿಂಗಪ್ಪ ಬೇವಿನೆಣ್ಣೆ ತರಲು ಹೇಳಿ ಗುಡಿಯತ್ತ ನಡೆದುಬಿಟ್ಟ. ರಂಟೆ ಹೊಡೆದು ಬೆಳೆ ಉತ್ತುಹಾಕುವ ಮಾತು ಮತ್ತೆ ಎತ್ತಲಿಲ್ಲ, ಮನ್ನಿಸಿದೆ ಎಂದೂ ಹೇಳಲಿಲ್ಲ.

ಅಂದು ಸಂಜೆ ದಾರಿ ಹಿಡಿದು ಬಂದವರಿಗೆ ಮತ್ತೊಂದು ಆಘಾತ ಕಾದಿತ್ತು. ಯಮನವ್ವ ಹುಲ್ಲು ನೆಡುತ್ತಿದ್ದಳು! ಬದುವಿನ ರಾಶಿಯ ಅಡಿಯಲ್ಲಿ ತೇವ ಆರದೆ ಉಳಿದ ಬೇರುಗಳನ್ನು ಹೆಕ್ಕಿ, ಕಿತ್ತ ಕುರ್ಪಿಯಿಂದಲೇ ಮಣ್ಣು ಬಿಡಿಸಿ, ಒಂದೊಂದೇ ಬುಡ ಊರಿ ಅಂಗೈಯಿಂದ ಒತ್ತುತ್ತಿದ್ದಳು. ಕೆಂಚವ್ವ ಬಂದು ಪಕ್ಕದ ಸಾಲಿಗೆ ಕುಳಿತಳು. ಮರುದಿನ ಉಳಿದ ನಾಲ್ವರೂ ಬಂದರು. ಅರ್ಧದಷ್ಟು ಒಣಗಿಹೋಯಿತು, ಅರ್ಧ ಹಿಡಿಯಿತು.

ಮುಂದೆ ಅವಳು ಹತ್ತು ಹನ್ನೊಂದು ವರ್ಷ ಬದುಕಿದಳು. ಕಳೆ ತೆಗೆಯುವುದನ್ನು ಬಿಡಲಿಲ್ಲ, ಆದರೆ ಯಾರ ಹೊಲಕ್ಕೆ ಹೋದರೂ ಮೊದಲ ಎಸಳಿಗೆ ಕೈಯಿಡುವ ಮುನ್ನ, "ಇದು ಇರಬೇಕೋ, ಕೀಳಬೇಕೋ?" ಎಂದು ಕೇಳುತ್ತಿದ್ದಳು. ರಾಚಪ್ಪನ ಎತ್ತುಗಳ ಪಕ್ಕೆಲುಬು ಎರಡು ವರ್ಷದಲ್ಲಿ ಮುಚ್ಚಿಕೊಂಡವು, ಹುಲ್ಲು ಬೆರೆತ ಬರಸೀಮ ಊರಿನ ಬಾವಿ ಬಾವಿಯ ಕೆಳಗೂ ಬಂತು. ಇಷ್ಟಿದ್ದರೂ ನಾಗನೂರಿನವರು ಯಮನವ್ವನ ಮಾತು ಬಂದಾಗ ನೆನೆಯುತ್ತಿದ್ದುದು ಚೂರಿ ಇಳಿಸಿದ ಮುಂದಿನ ವಾರದ ಸೋಮವಾರವನ್ನು.

ಆ ಸೋಮವಾರ ಮಂಜಿನಲ್ಲೇ ಬಸವಣ್ಣ ಮತ್ತೆ ಬಂದ. ಮಗ್ಗುಲಿಗೆ ಬೇವಿನೆಣ್ಣೆಯ ಪಟ್ಟಿ, ಕಣ್ಣು ನೆಟ್ಟಿದ್ದು ಅದೇ ಹತ್ತು ಗುಂಟೆಯ ಮೇಲೆ. ಮತ್ತೆ ಏನಾಗುತ್ತದೋ ಎಂಬ ಅಂಜಿಕೆಗೆ ಹಿಂದೆ ಊರ ಮಂದಿ, ಅವರ ಮುಂದೆ ಎಂದಿನಂತೆ ಬಾರುಕೋಲು ಹಿಡಿದ ಶಿದ್ಲಿಂಗಪ್ಪ. ಬಸವಣ್ಣ ಬದು ಹತ್ತಿದ. ನೂರು ವರ್ಷದಲ್ಲಿ ಯಾರೂ ಮಾಡದ ಕೆಲಸವನ್ನು ಆಗ ಯಮನವ್ವ ಮಾಡಿದಳು. ಎರಡೂ ಕೈ ಅಗಲಿಸಿ ಅವನೆದುರು ನಿಂತಳು.

"ಹೋಗೋ ಯಪ್ಪಾ ಹೋಗು! ಹುಲ್ಲು ಇನ್ನಾ ಬೇರು ಹಿಡದಿಲ್ಲ. ಎಳ್ಳಮಾಸಿ ಆಗಲಿ, ನಾನ ಕೊಯ್ದು ತಂದು ಗುಡಿಗೆ ಹಾಕ್ತೇನಿ. ಈಗ ಹೋಗು!"

ದೇವರನ್ನು ಹೊಲದಿಂದ ಅಟ್ಟುವ ಹೆಂಗಸು! ಬಸವಣ್ಣ ಕೊಂಬು ಆಡಿಸಿ ಇನ್ನೊಂದು ಹೆಜ್ಜೆ ಇಟ್ಟ, ಅವಳು ಸರಿಯಲಿಲ್ಲ. ಎಲ್ಲರೂ ಗೌಡನ ಮುಖ ನೋಡಿದರು. ಗದರಲೆಂದು ಬಾಯಿ ತೆರೆದಿದ್ದ ಶಿದ್ಲಿಂಗಪ್ಪ ಬಸವಣ್ಣನ ಎಡ ಮಗ್ಗುಲಿನ ಗಾಯವನ್ನು ಒಮ್ಮೆ ನೋಡಿದ. ಹೊಲದೊಳಗೆ ಇಳಿದು ಬಂದು ತನ್ನ ಬಾರುಕೋಲನ್ನು ಅವಳ ಕೈಗೆ ಕೊಟ್ಟ.